500 ಇಟ್ರೆ 501, 1000 ಇಟ್ರೆ 1001: ಪೀರ್ ಸೆಷನ್ ಪದೇ ಪದೇ ಯಾಕೆ ಬೀಳ್ತಿದೆ?

ಪ್ರಶ್ನೆ: ಸರ್, ನಾವು ಹಾಸನ ಜಿಲ್ಲೆಯಲ್ಲಿ ಮನೆಗಳಿಗೆ ಫೈಬರ್ ಇಂಟರ್ನೆಟ್ ಕೊಡೋ ಸಣ್ಣ ಐಎಸ್‌ಪಿ. ಬೆಂಗಳೂರಿನ ಒಂದು ಡೇಟಾ ಸೆಂಟರಲ್ಲಿ ನಮ್ಮ ಸಿಸ್ಕೋ ರೂಟರ್ ಇದೆ, ಸಾಫ್ಟ್‌ವೇರ್ ಐಓಎಸ್ ಎಕ್ಸ್‌ಇ. ಇಡೀ ಇಂಟರ್ನೆಟ್‌ಗೆ ದಾರಿ ಕೊಡೋ ಒಂದು ಅಪ್‌ಸ್ಟ್ರೀಮ್ ಇದೆ, ಜೊತೆಗೆ ಅದೇ ಬಿಲ್ಡಿಂಗಲ್ಲಿರೋ ಇನ್ನೊಂದು ನೆಟ್‌ವರ್ಕ್ ಜೊತೆ ನೇರ ಪೀರಿಂಗ್ ಇದೆ. ಆ ಪೀರ್‌ಗೆ ಮ್ಯಾಕ್ಸಿಮಮ್-ಪ್ರಿಫಿಕ್ಸ್ 500, ರೀಸ್ಟಾರ್ಟ್ 5 ಅಂತ ಹಾಕಿದ್ವಿ, ಅಂದ್ರೆ ರೂಟರ್‌ಗಳು ದಾರಿ ಹಂಚ್ಕೊಳ್ಳೋ ಬಿಜಿಪಿ ಸೆಷನ್‌ನಲ್ಲಿ ಅವರಿಂದ 500ಕ್ಕಿಂತ ಜಾಸ್ತಿ ಪ್ರಿಫಿಕ್ಸ್ (ಒಂದೊಂದು ಐಪಿ ಅಡ್ರೆಸ್ ಬ್ಲಾಕ್‌ನ ರೂಟ್) ಬಂದ್ರೆ ಸೆಷನ್ ಕಡಿಯೋದು, ಐದು ನಿಮಿಷ ಬಿಟ್ಟು ಮತ್ತೆ ಎಬ್ಬಿಸೋದು. ಎರಡು ವರ್ಷದಿಂದ 340 ರೂಟ್ ಆಸುಪಾಸಲ್ಲೇ ಇತ್ತು, ಏನೂ ತೊಂದ್ರೆ ಇರ್ಲಿಲ್ಲ. ಮೊನ್ನೆ ರಾತ್ರಿ 11:42ಕ್ಕೆ ಸೆಷನ್ ಬಿತ್ತು, ಲಾಗಲ್ಲಿ 501 ಅಂತ ಇತ್ತು. ಒಂದೇ ರೂಟ್ ಜಾಸ್ತಿ ಆಗಿರೋದಲ್ವಾ ಅಂತ 600 ಮಾಡಿದೆ, 601ಕ್ಕೆ ಬಿತ್ತು. 1000 ಮಾಡಿದ್ರೆ 1001. ಈಗ ಐದೈದು ನಿಮಿಷಕ್ಕೆ ಎದ್ದು ಬೀಳ್ತಿದೆ, ವಿಡಿಯೋ ಕಾಲ್ ಕಟ್ಟಾಗ್ತಿದೆ ಅಂತ ಕಸ್ಟಮರ್ಸ್ ಫೋನ್ ಮೇಲೆ ಫೋನ್. ಲಿಮಿಟ್ ತೆಗೆದೇ ಬಿಡ್ಲಾ, ಇಲ್ಲ ವಾರ್ನಿಂಗ್-ಓನ್ಲಿ ಮಾಡ್ಲಾ?

ಉತ್ತರ: ಎರಡೂ ಬೇಡ. ಮೊದಲು ಆ ನೇಬರ್‌ನ (ಕಾನ್ಫಿಗ್‌ನಲ್ಲಿ ಪೀರ್‌ಗಿರೋ ಹೆಸರು) ಶಟ್‌ಡೌನ್ ಮಾಡಿ, ಅಂದ್ರೆ ನೇಬರ್ ಅಡ್ರೆಸ್ ಮುಂದೆ ಶಟ್‌ಡೌನ್ ಅಂತ ಒಂದು ಲೈನ್ ಹಾಕಿ, ಅಷ್ಟೇ. ಟ್ರಾಫಿಕ್ ಎಲ್ಲಾ ಅಪ್‌ಸ್ಟ್ರೀಮ್ ಮೇಲೆ ಹೋಗತ್ತೆ, ಹಾಗಾಗಿ ಆ ಲಿಂಕ್‌ನಲ್ಲಿ ಜಾಗ ಇದೆಯಾ ಅಂತ ಮಾತ್ರ ಒಂದ್ಸಲ ನೋಡ್ಕೊಳ್ಳಿ. ನಿಮ್ಮ ಕಸ್ಟಮರ್ಸ್‌ಗೆ ತೊಂದ್ರೆ ಆಗ್ತಿರೋದು ಪೀರಿಂಗ್ ಇಲ್ಲ ಅಂತಲ್ಲ, ಅದು ಐದು ನಿಮಿಷಕ್ಕೊಂದ್ಸಲ ಬಂದು ಹೋಗ್ತಿದೆ ಅಂತ. ಪ್ರತಿ ಸಲ ಸೆಷನ್ ಎದ್ದಾಗ ನಿಮ್ಮ ರೂಟರ್ ಒಂದಷ್ಟು ದಾರಿಗಳನ್ನ ಪೀರ್ ಕಡೆ ತಿರುಗಿಸತ್ತೆ, ಮರುಕ್ಷಣ ಸೆಷನ್ ಬೀಳತ್ತೆ, ಮತ್ತೆ ಎಲ್ಲಾ ವಾಪಸ್ ತಿರುಗಿಸತ್ತೆ. ನಡುವೆ ಯಾರದೋ ಕಾಲ್ ಹೋಯ್ತು. ರೀಸ್ಟಾರ್ಟ್ 5 ಅನ್ನೋದು ಇಂಥ ಹೊತ್ತಲ್ಲಿ ಉಪಕಾರ ಮಾಡಲ್ಲ, ಗಾಯದ ಹೊಪ್ಪಳೆ ಕೀಳ್ತಾ ಇರತ್ತೆ.

ಶಟ್‌ಡೌನ್ ಮಾಡಿ ಉಸಿರು ತಗೊಂಡ್ರಾ, ಈಗ ಆ 501ರ ವಿಷ್ಯ. ನೀವು ಅದನ್ನ "ಒಂದು ಜಾಸ್ತಿ ಬಂತು" ಅಂತ ಓದ್ಕೊಂಡ್ರಿ, ತುಂಬಾ ಜನ ಹಾಗೇ ಓದೋದು. ಆದ್ರೆ ಆ ನಂಬರ್ ಪಕ್ಕದವರು ಎಷ್ಟು ಕಳಿಸಿದ್ರು ಅಂತ ಹೇಳ್ತಿಲ್ಲ, ನಿಮ್ಮ ರೂಟರ್ ಎಣಿಸೋದನ್ನ ಎಲ್ಲಿ ನಿಲ್ಲಿಸ್ತು ಅಂತ ಹೇಳ್ತಿದೆ. ಲಿಮಿಟ್ ದಾಟಿದ ತಕ್ಷಣ ಸೆಷನ್ ಕಡಿದು ಹಾಕತ್ತಲ್ವಾ, ಅಲ್ಲಿಗೆ ಎಣಿಕೆನೂ ಮುಗೀತು. ಆ ಕಡೆ ಕ್ಯೂನಲ್ಲಿ ಇನ್ನೂ ಹತ್ತು ರೂಟ್ ಇತ್ತೋ ಹತ್ತು ಲಕ್ಷ ಇತ್ತೋ ಅದಕ್ಕೆ ಗೊತ್ತಿಲ್ಲ. 600ಕ್ಕೆ 601, 1000ಕ್ಕೆ 1001 ಅಂತ ಬಂತು ಅಂದ್ರೆ ನೀವು ಎಲ್ಲಿ ಅಳತೆಗೋಲು ಇಟ್ರೂ ನೀರು ಅದರ ಮೇಲೇ ಇದೆ ಅಂತ ಅರ್ಥ, ಮತ್ತೆ 340ರಲ್ಲಿ ಎರಡು ವರ್ಷ ನಿಂತಿದ್ದ ನೆಟ್‌ವರ್ಕು ಒಂದೇ ರಾತ್ರಿಗೆ ಸಾವಿರ ದಾಟತ್ತೆ ಅಂದ್ರೆ ನನಗೆ ಮೊದಲು ಬರೋ ಅನುಮಾನ ಲೀಕ್, ಅಂದ್ರೆ ಅವರು ನಿಮಗೆ ಕೊಡಬಾರದ ರೂಟ್‌ಗಳೂ ಹರಿದು ಬರ್ತಿವೆ ಅಂತ.

ಅನುಮಾನ ಗಟ್ಟಿ ಮಾಡ್ಕೊಳ್ಳೋಕೆ ಆ ರಾತ್ರಿಯ ಲಾಗ್ ತೆಗೀರಿ. ಆಮೇಲಿಂದು ಬೇಡ, ಮೊದಲನೇ ಸಲ ಬಿದ್ದಾಗಿನದು. ಸಿಸ್ಕೋದಲ್ಲಿ ಬೇರೆ ಏನೂ ಹೇಳದೇ ಇದ್ರೆ ಲಿಮಿಟ್‌ನ ಶೇಕಡಾ 75 ದಾಟಿದಾಗ ಒಂದು ಎಚ್ಚರಿಕೆ ಮೆಸೇಜ್ ಬರತ್ತೆ, ಬಿಜಿಪಿ-4-ಮ್ಯಾಕ್ಸ್‌ಪಿಎಫ್ಎಕ್ಸ್ ಅಂತ, ನಿಮ್ಮ ಲೆಕ್ಕದಲ್ಲಿ ಅದು 376ಕ್ಕೆ ಬಂದಿರ್ಬೇಕು. ಆಮೇಲೆ ಲಿಮಿಟ್ ದಾಟಿದಾಗ ಬಿಜಿಪಿ-3-ಮ್ಯಾಕ್ಸ್‌ಪಿಎಫ್ಎಕ್ಸ್‌ಎಕ್ಸೀಡ್. ಈ ಎರಡರ ನಡುವೆ ಎಷ್ಟು ಹೊತ್ತು ಇತ್ತು ನೋಡಿ. 376 ಅಂತ ಮೂರು ವಾರದ ಹಿಂದೆನೇ ಹೇಳಿ ಆಮೇಲೆ ನಿಧಾನಕ್ಕೆ 501 ಮುಟ್ಟಿದ್ರೆ ಅದು ಬೆಳವಣಿಗೆ, ಅವರಿಗೆ ಹೊಸ ಕಸ್ಟಮರ್ಸ್ ಸೇರ್ತಿದಾರೆ. ಎರಡೂ 11:42ರ ಅದೇ ಸೆಕೆಂಡಲ್ಲಿ ಒಂದರ ಕೆಳಗೊಂದು ಕೂತಿದ್ರೆ ಯಾರೋ ಆ ಕಡೆ ಏನೋ ಒಂದು ಕಾನ್ಫಿಗ್ ಮುಟ್ಟಿದಾರೆ. ಇದು ಮೊದಲನೇ ಸಲಕ್ಕೆ ಮಾತ್ರ ಅನ್ವಯ, ಯಾಕಂದ್ರೆ ಸೆಷನ್ ಬಿದ್ದು ಎದ್ದಾಗಲೆಲ್ಲಾ ಅವರು ಎಲ್ಲಾ ರೂಟ್‌ನ ಮೊದಲಿಂದ ಕಳಿಸ್ತಾರೆ, ಹಾಗಾಗಿ ಎರಡನೇ ಸಲದಿಂದ ಎರಡು ಮೆಸೇಜೂ ಯಾವಾಗ್ಲೂ ಒಟ್ಟಿಗೇ ಬರತ್ತೆ, ಅದನ್ನ ನೋಡಿ ತೀರ್ಮಾನಕ್ಕೆ ಬರ್ಬೇಡಿ. ಲಾಗ್ ಟೈಮ್‌ಸ್ಟ್ಯಾಂಪ್‌ನಲ್ಲಿ ಮಿಲಿಸೆಕೆಂಡ್ ಆನ್ ಮಾಡಿಟ್ಕೊಳ್ಳಿ, ಇಂಥ ದಿನಕ್ಕೆ ಬೇಕಾಗತ್ತೆ.

ಅದೇ ಜಾಗದಲ್ಲಿ ಇನ್ನೊಂದು ಲೈನ್ ಇರತ್ತೆ, ನೋಟಿಫಿಕೇಶನ್ ಅಂತ, ಪಕ್ಕದಲ್ಲಿ 6/1 ಅಂತ ಬರೆದಿರತ್ತೆ. 6 ಅಂದ್ರೆ ಸೀಸ್, ಅಂದ್ರೆ ಮಾತು ನಿಲ್ಲಿಸ್ತಿದೀನಿ ಅಂತ, 1 ಅಂದ್ರೆ ಪ್ರಿಫಿಕ್ಸ್ ಲೆಕ್ಕ ಮೀರಿದೆ ಅನ್ನೋ ಕಾರಣ. ಈ ಕಾರಣಗಳ ಪಟ್ಟಿ 2006ರ ಆರ್‌ಎಫ್‌ಸಿ 4486 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿದೆ. ನೀವು ಇಲ್ಲಿ ನೋಡ್ಬೇಕಾಗಿರೋದು ನೋಟಿಫಿಕೇಶನ್ "ಸೆಂಟ್" ಅಂತಿದೆಯಾ "ರಿಸೀವ್ಡ್" ಅಂತಿದೆಯಾ ಅಂತ. ಸೆಂಟ್ ಅಂದ್ರೆ ನಿಮ್ಮ ಲಿಮಿಟ್ ಹೊಡೀತು. ರಿಸೀವ್ಡ್ ಅಂದ್ರೆ ಅವರು ನಿಮಗೆ ಇಟ್ಟಿರೋ ಲಿಮಿಟ್ ಹೊಡೀತು, ಅಂದ್ರೆ ಲೀಕ್ ಮಾಡ್ತಿರೋದು ನೀವು! ನಿಮ್ಮ ಕೇಸಲ್ಲಿ ಮೊದಲನೆಯದೇ ಅನ್ಸತ್ತೆ, ಆದ್ರೂ ಕಣ್ಣಾರೆ ನೋಡ್ಬಿಡಿ. ಅದೇ ಲೈನ್ ಕೊನೇಲಿ 7 ಬೈಟ್ ಅಂತ ಒಂದಷ್ಟು ಅಂಕಿಗಳು ಇರ್ತವೆ, ಯಾರೂ ಅದನ್ನ ಓದಲ್ಲ, ನಾನು ಓದ್ತೀನಿ. ಮೊದಲ ಎರಡು ಬೈಟ್ 0001 ಇದ್ರೆ ಐಪಿವಿ4, 0002 ಇದ್ರೆ ಐಪಿವಿ6, ಆಮೇಲಿನ ಒಂದು ಬೈಟ್ ಯೂನಿಕಾಸ್ಟ್, ಕೊನೇ ನಾಲ್ಕು ಬೈಟ್ ಲಿಮಿಟ್ ಎಷ್ಟು ಅಂತ ಹೆಕ್ಸ್‌ನಲ್ಲಿ. ನಿಮ್ಮ ಮೊದಲ ಲಾಗ್‌ನಲ್ಲಿ ಅದು 1ಎಫ್4 ಅಂತ ಮುಗ್ದಿರತ್ತೆ, ಅದು 500. ಐಪಿವಿ4 ಮತ್ತೆ ಐಪಿವಿ6 ಎರಡನ್ನೂ ಒಂದೇ ಸೆಷನ್ ಮೇಲೆ ಓಡಿಸೋರು ಇದನ್ನ ಕಡ್ಡಾಯವಾಗಿ ನೋಡ್ಬೇಕು, ಐಪಿವಿ6 ಲಿಮಿಟ್ ಮೀರಿದ್ರೂ ಸೆಷನ್ ಪೂರ್ತಿ ಬಿದ್ದು ಐಪಿವಿ4 ಕೂಡ ಹೋಗತ್ತೆ, ಆಗ ಜನ ಐಪಿವಿ4 ಲಿಮಿಟ್ ಏರಿಸ್ತಾ ರಾತ್ರಿಯೆಲ್ಲಾ ಕೂತಿರ್ತಾರೆ.

ಈಗ ಲೀಕ್ ಅಂದ್ರೆ ಏನು, ಯಾಕೆ ನಾನು ಇಷ್ಟು ಹೆದರ್ತೀನಿ ಅಂತ ಹೇಳ್ತೀನಿ. ಪೀರಿಂಗ್ ಒಪ್ಪಂದ ಏನಂದ್ರೆ ಅವರು ನಿಮಗೆ ತಮ್ಮ ರೂಟ್ ಮತ್ತೆ ತಮ್ಮ ಕಸ್ಟಮರ್ಸ್ ರೂಟ್ ಮಾತ್ರ ಕೊಡೋದು. ಪಕ್ಕದ ಮನೆಯವರು ಹಿತ್ತಲ ಬಾಗಿಲು ತೆಗೆದಿಟ್ಟು, ನಮ್ಮನೆಗೆ ಬರೋದಿದ್ರೆ ಸುತ್ತಿ ಬರ್ಬೇಡಿ ಇಲ್ಲೇ ಬನ್ನಿ ಅಂದ ಹಾಗೆ. ಅವರ ಔಟ್‌ಬೌಂಡ್ ಫಿಲ್ಟರ್ ಕಳಚಿ ಬಿತ್ತು ಅಂದ್ರೆ ಆ ಹಿತ್ತಲ ಬಾಗಿಲ ಮೇಲೆ "ಬೆಂಗಳೂರು, ಮುಂಬೈ, ಸಿಂಗಾಪುರಕ್ಕೆ ದಾರಿ" ಅಂತ ಬೋರ್ಡ್ ಹಾಕಿದ ಹಾಗಾಗತ್ತೆ. ಅವರ ಅಪ್‌ಸ್ಟ್ರೀಮ್ ಅವರಿಗೆ ಕೊಟ್ಟಿರೋ ಇಡೀ ಇಂಟರ್ನೆಟ್ಟಿನ ಟೇಬಲ್ ನಿಮ್ಮ ಕಡೆ ಹರಿಯತ್ತೆ. ನೀವು ಎಲ್ಲರ ಹಾಗೆ ಪೀರ್‌ಗೆ ಲೋಕಲ್ ಪ್ರಿಫರೆನ್ಸ್ (ಯಾವ ದಾರಿಗೆ ಮೊದಲ ಆದ್ಯತೆ ಅನ್ನೋ ನಂಬರ್) ಜಾಸ್ತಿ ಇಟ್ಟಿರ್ತೀರ, ಆ ದಾರಿ ಅಗ್ಗ ಅಂತ. ಹಾಗಾಗಿ ನಿಮ್ಮ ರೂಟರ್ ಖುಷಿಯಿಂದ ಬ್ಯಾಂಕು, ಆಸ್ಪತ್ರೆ, ಸ್ಕೂಲಿನ ಆನ್‌ಲೈನ್ ಕ್ಲಾಸು ಎಲ್ಲವನ್ನೂ ಆ ಸಣ್ಣ ಹಿತ್ತಲ ದಾರಿಗೆ ತಳ್ಳತ್ತೆ. ಲಿಮಿಟ್ 500 ಇದ್ದಿದ್ರಿಂದ ಅದು ಕೆಲವೇ ಕ್ಷಣದಲ್ಲಿ ನಿಂತು ಹೋಯ್ತು. ನಿಮ್ಮ ಕಾನ್ಫಿಗ್‌ನಲ್ಲಿ ಆ ರಾತ್ರಿ ಸರಿಯಾಗಿ ಕೆಲಸ ಮಾಡಿದ್ದು ಆ ಒಂದು ಲೈನು, ಅದನ್ನೇ ತೆಗೆದುಹಾಕೋಕೆ ಕೇಳ್ತಿದೀರ.

ಆ ಲೈನ್ ಇಲ್ದೇ ಹೋದ್ರೆ ಏನಾಗತ್ತೆ ಅನ್ನೋದಕ್ಕೆ 2019ರ ಜೂನ್ 24 ಒಳ್ಳೇ ಉದಾಹರಣೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಿಕ್ಯುಇ ಅನ್ನೋ ಪ್ರೊವೈಡರ್ ತನ್ನ ಒಳಗೆ ಟ್ರಾಫಿಕ್ ಹಂಚೋಕೆ ಒಂದು ರೂಟ್ ಆಪ್ಟಿಮೈಸರ್ ಇಟ್ಕೊಂಡಿತ್ತು, ಅದು ದೊಡ್ಡ ಬ್ಲಾಕ್‌ಗಳನ್ನ ಚೂರು ಮಾಡತ್ತೆ, ಕ್ಲೌಡ್‌ಫ್ಲೇರ್‌ನ 104.20.0.0/20 ಅನ್ನೋದನ್ನ ಎರಡು /21 ಮಾಡಿತ್ತು (ಸ್ಲ್ಯಾಶ್ ಆದ್ಮೇಲಿನ ನಂಬರ್ ದೊಡ್ಡದಾದಷ್ಟೂ ಬ್ಲಾಕ್ ಚಿಕ್ಕದು). ಆ ಚೂರುಗಳು ಅವರ ಕಸ್ಟಮರ್ ಆಗಿದ್ದ ಅಲೆಗೆನಿ ಅನ್ನೋ ಸ್ಟೀಲ್ ಕಂಪನಿಗೆ ಹೋಯ್ತು, ಆ ಕಂಪನಿ ಅದನ್ನ ತನ್ನ ಇನ್ನೊಂದು ಪ್ರೊವೈಡರ್ ವೆರೈಝನ್‌ಗೆ ಕೊಡ್ತು, ವೆರೈಝನ್ ಕಣ್ಣು ಮುಚ್ಕೊಂಡು ಒಪ್ಕೊಂಡು ಊರಿಗೆಲ್ಲಾ ಹಂಚ್ತು. ಚಿಕ್ಕ ಬ್ಲಾಕ್ ಯಾವಾಗ್ಲೂ ಗೆಲ್ಲತ್ತೆ, ಹಾಗಾಗಿ ಪ್ರಪಂಚದ ಎಷ್ಟೋ ಟ್ರಾಫಿಕ್ ಒಂದು ಸ್ಟೀಲ್ ಕಂಪನಿಯ ಲಿಂಕ್‌ಗೆ ನುಗ್ತು. ಆ ಒಂದು ಸೆಷನ್ ಮೇಲೆ ಪ್ರಿಫಿಕ್ಸ್ ಲಿಮಿಟ್ ಇದ್ದಿದ್ರೆ ಅದು ಅಲ್ಲೇ ನಿಲ್ತಿತ್ತು ಅಂತ ಆಮೇಲೆ ಕ್ಲೌಡ್‌ಫ್ಲೇರ್‌ನವರೇ ಬರೆದ್ರು. ನಮ್ಮಲ್ಲೂ 2021ರ ಏಪ್ರಿಲ್ 16ಕ್ಕೆ ವೊಡಾಫೋನ್ ಐಡಿಯಾದ ಎಎಸ್ 55410ರಿಂದ (ಎಎಸ್ ಅಂದ್ರೆ ಪ್ರತಿ ನೆಟ್‌ವರ್ಕ್‌ಗೂ ಇರೋ ಗುರುತಿನ ನಂಬರ್) ತಮ್ಮದಲ್ಲದ 30,000ಕ್ಕೂ ಹೆಚ್ಚು ಪ್ರಿಫಿಕ್ಸ್ ಹೊರಗೆ ಹೋಗಿತ್ತು. ದೊಡ್ಡೋರಿಗೇ ಹೀಗಾಗತ್ತೆ, ಹಾಗಾಗಿ ನಿಮ್ಮ ಪಕ್ಕದವರನ್ನ ಬೈಯೋ ಅಗತ್ಯ ಇಲ್ಲ, ಅವರಿಗೆ ಬೇಗ ತಿಳಿಸೋ ಅಗತ್ಯ ಇದೆ.

ವಾರ್ನಿಂಗ್-ಓನ್ಲಿ ಬಗ್ಗೆ ಕೇಳಿದ್ರಿ. ಅದನ್ನ ಹಾಕಿದ್ರೆ ರೂಟರ್ ಲಾಗ್ ಬರೀತಾ ಎಲ್ಲವನ್ನೂ ಒಳಗೆ ಬಿಟ್ಕೊಳ್ಳತ್ತೆ. ಇವತ್ತು ಐಪಿವಿ4 ಫುಲ್ ಟೇಬಲ್ ಹತ್ತು ಲಕ್ಷದ ಆಸುಪಾಸಲ್ಲಿದೆ. ಅಪ್‌ಸ್ಟ್ರೀಮಿಂದ ಬರೀ ಡೀಫಾಲ್ಟ್ ರೂಟ್ (ಎಲ್ಲದಕ್ಕೂ ಒಂದೇ ದಾರಿ) ತಗೊಳ್ಳೋ ಸಣ್ಣ ರೂಟರ್ ಆಗಿದ್ರೆ ಅದರ ಮೆಮೊರಿಗೆ ಇದನ್ನ ತಡ್ಕೊಳ್ಳೋಕಾಗಲ್ಲ. ನೀವು ಲಿಮಿಟ್ ತೆಗೆದ್ರೆ ಲಿಮಿಟ್ ಇಲ್ದೇ ಹೋಗಲ್ಲ ನೋಡಿ, ಅದು ಹಾರ್ಡ್‌ವೇರ್‌ಗೆ ಹೋಗಿ ಕೂರತ್ತೆ, ಅಲ್ಲಿ ಹೊಡೆದ್ರೆ ಒಂದು ಪೀರ್ ಅಲ್ಲ, ಇಡೀ ರೂಟರೇ ಮಲಗತ್ತೆ. 2014ರ ಆಗಸ್ಟ್ 12ಕ್ಕೆ ಪ್ರಪಂಚದ ಎಷ್ಟೋ ಕಡೆ ಆಗಿದ್ದು ಇದೇ, ಹಳೇ ಸಿಸ್ಕೋ 6500, 7600 ಪೆಟ್ಟಿಗೆಗಳಲ್ಲಿ ಐಪಿವಿ4ಗೆ ಅಂತ ಇಟ್ಟಿದ್ದ ಜಾಗ 512ಕೆ, ಅಂದ್ರೆ ಐದು ಲಕ್ಷ ಚಿಲ್ಲರೆ ರೂಟ್, ಟೇಬಲ್ ಅವತ್ತು ಅದನ್ನ ದಾಟ್ತು, ಅದಕ್ಕೇ ಆ ದಿನಕ್ಕೆ 512ಕೆ ಡೇ ಅಂತ ಹೆಸರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಇದೇ ಥರ ರಾತ್ರಿ ಒಬ್ಬನೇ ಇದ್ದೆ, ಪೀರ್ ಬಿತ್ತು ಅಂತ ಲಿಮಿಟ್ ಲೈನ್‌ಗೆ ನೋ ಹಾಕಿ ಸೆಷನ್ ಎಬ್ಬಿಸಿದೆ. ಹತ್ತು ನಿಮಿಷದಲ್ಲಿ ರೂಟರ್ ಮೆಮೊರಿ ತುಂಬಿ ರೀಬೂಟ್ ಆಯ್ತು, ಎದ್ದು ಮತ್ತೆ ತುಂಬಿ ಮತ್ತೆ ರೀಬೂಟ್. ಬೆಳಗಿನ ಜಾವ ನಾಲ್ಕಕ್ಕೆ ಡೇಟಾ ಸೆಂಟರ್‌ಗೆ ಹೋಗಿ ಆ ಪೀರ್‌ನ ಕೇಬಲ್ ಕೈಯಲ್ಲಿ ಕಿತ್ತ ಮೇಲೆ ನಿಂತಿದ್ದು. ಅವತ್ತಿಂದ ಯಾರೇ ಲಿಮಿಟ್ ತೆಗೀಲಾ ಅಂದ್ರೂ ನನಗೆ ಆ ಪೆಟ್ಟಿಗೆಯ ಫ್ಯಾನ್ ಸದ್ದು ಜೋರಾಗಿ ಕಮ್ಮಿಯಾಗಿ ಮತ್ತೆ ಜೋರಾಗ್ತಿದ್ದಿದ್ದೇ ಕಿವಿಗೆ ಬರತ್ತೆ.

ಸರಿ, ಲೀಕ್ ಹೌದೋ ಅಲ್ವೋ ಅಂತ ನಿಮ್ಮ ಕಡೆಯಿಂದಲೇ ಪಕ್ಕಾ ಮಾಡ್ಕೊಳ್ಳೋದು ಹೇಗೆ. ಇದಕ್ಕೆ ಐಓಎಸ್‌ನ ಒಂದು ಗುಣ ಸಹಾಯಕ್ಕೆ ಬರತ್ತೆ: ಅದು ಲಿಮಿಟ್ ಲೆಕ್ಕಕ್ಕೆ ತಗೊಳ್ಳೋದು ನಿಮ್ಮ ಇನ್‌ಬೌಂಡ್ ಫಿಲ್ಟರ್ ದಾಟಿ ಒಳಗೆ ಬಂದ ರೂಟ್‌ಗಳನ್ನ ಮಾತ್ರ. ಹಾಗಾಗಿ ನೇಬರ್ ಶಟ್‌ಡೌನಲ್ಲಿ ಇರೋವಾಗಲೇ ಒಂದು ಎಎಸ್-ಪಾತ್ ಫಿಲ್ಟರ್ ಬರೀರಿ, ದಾರಿಯಲ್ಲಿ ದೊಡ್ಡ ಟ್ರಾನ್ಸಿಟ್ ನೆಟ್‌ವರ್ಕ್ (ಬೇರೆಯವರ ಟ್ರಾಫಿಕ್ ಸಾಗಿಸೋರು) ನಂಬರ್ ಇರೋ ಎಲ್ಲಾ ರೂಟನ್ನೂ ಡಿನೈ ಮಾಡೋ ಅಂಥದ್ದು. ಕೋಜೆಂಟ್ 174, ಅರೇಲಿಯಾನ್ 1299, ಎನ್‌ಟಿಟಿ 2914, ಲೂಮೆನ್ 3356, ಟಾಟಾ ಕಮ್ಯುನಿಕೇಶನ್ಸ್ 6453 ಮತ್ತೆ 4755, ಏರ್‌ಟೆಲ್ 9498, ಇಷ್ಟು ಸಾಕು ಶುರುವಿಗೆ. ಅವರ ಅಪ್‌ಸ್ಟ್ರೀಮ್ ಯಾರು ಅಂತ ಗೊತ್ತಿದ್ರೆ ಅದನ್ನೂ ಸೇರಿಸಿ. ಮಿಕ್ಕಿದ್ದು ಪರ್ಮಿಟ್. ಯೋಚನೆ ಇಷ್ಟೇ: ನಿಮ್ಮ ಹಾಗೇ ಸಣ್ಣದಾಗಿರೋ ಪೀರ್‌ಗೆ ಏರ್‌ಟೆಲ್ಲೋ ಟಾಟಾನೋ ಕಸ್ಟಮರ್ ಆಗಿರೋಕೆ ಸಾಧ್ಯ ಇಲ್ಲ, ಹಾಗಾಗಿ ಅವರ ಮೂಲಕ ಹೋಗೋ ದಾರಿಯನ್ನ ನಿಮಗೆ ಕೊಡೋ ಹಕ್ಕೂ ಅವರಿಗಿಲ್ಲ, ಕೊಟ್ರೆ ಅದು ಲೀಕೇ. ಸಾಫ್ಟ್-ರೀಕಾನ್ಫಿಗರೇಶನ್ ಇನ್‌ಬೌಂಡ್ ಅಂತ ಲೈನ್ ಇದ್ರೆ ತೆಗೆದುಬಿಡಿ, ಅದು ಡಿನೈ ಆದ ರೂಟ್‌ನೂ ಮೆಮೊರಿಯಲ್ಲಿ ಇಟ್ಕೊಳ್ಳತ್ತೆ. ಲಿಮಿಟ್ ವಾಪಸ್ 500ಕ್ಕೆ ಇಳಿಸಿ, ರೀಸ್ಟಾರ್ಟ್ ತೆಗೀರಿ, ಆಮೇಲೆ ಶಟ್‌ಡೌನ್ ತೆಗೀರಿ. ಬಿಜಿಪಿ ಸಮ್ಮರಿಯಲ್ಲಿ ಐಡಲ್ ಅಂತ ಇದ್ದು ಪಕ್ಕದಲ್ಲಿ ಪಿಎಫ್ಎಕ್ಸ್‌ಸಿಟಿ ಅಂತ ಇನ್ನೂ ಅಂಟ್ಕೊಂಡಿದ್ರೆ ಒಂದ್ಸಲ ಹಾರ್ಡ್ ಕ್ಲಿಯರ್ (ಸೆಷನ್ ಪೂರ್ತಿ ಕಡಿದು ಹೊಸದಾಗಿ ಶುರು ಮಾಡೋದು) ಕೊಡ್ಬೇಕು, ಸಾಫ್ಟ್ ಕ್ಲಿಯರ್‌ಗೆ ಅದು ಏಳಲ್ಲ.

ಸೆಷನ್ ಬೀಳದೇ ನಿಂತು, ರೂಟ್ ಸಂಖ್ಯೆ 340 ಹತ್ರ ಬಂದು ಕೂತ್ರೆ ಮುಗೀತು, ಲೀಕೇ. ನಿಮ್ಮ ಸರ್ವೀಸ್ ಕೂಡ ಆ ಕ್ಷಣದಿಂದ ಸರಿಹೋಯ್ತು, ಅವರು ಸರಿ ಮಾಡೋತನಕ ಕಾಯೋದೂ ಬೇಡ. ಆ ಫಿಲ್ಟರ್ ಆಮೇಲೂ ತೆಗೀಬೇಡಿ, ಅದು ಎಲ್ಲಾ ಪೀರ್ ಮೇಲೂ ಖಾಯಂ ಇರ್ಬೇಕಾದ ಫಿಲ್ಟರ್ರೇ.

ಫಿಲ್ಟರ್ ಹಾಕಿದ ಮೇಲೂ 501ಕ್ಕೆ ಬಿದ್ರೆ? ಆಗ ಕಥೆ ಬೇರೆ. ಒಬ್ಬ ಐಎಸ್‌ಪಿ ಮೇಲೆ ಡಿಡಾಸ್ ಅಟ್ಯಾಕ್ (ಸುಳ್ಳು ಟ್ರಾಫಿಕ್‌ನ ಪ್ರವಾಹ) ಆದಾಗ ಟ್ರಾಫಿಕ್‌ನ ಅದನ್ನ ಸೋಸೋ ಸ್ಕ್ರಬ್ಬಿಂಗ್ ಸೆಂಟರ್‌ಗೆ ತಿರುಗಿಸೋಕೆ ತಮ್ಮ ದೊಡ್ಡ ಬ್ಲಾಕ್‌ಗಳನ್ನ /24 ಚೂರುಗಳಾಗಿ ಒಡೀತಾರೆ, ಒಂದು /19 ಒಡೆದ್ರೆ 32 ಆಗತ್ತೆ, /16 ಆದ್ರೆ 256. ಇಲ್ಲಾ ಅವರು ಇನ್ನೊಂದು ಐಎಸ್‌ಪಿಯನ್ನ ಕಸ್ಟಮರ್ ಮಾಡ್ಕೊಂಡಿರ್ಬಹುದು, ಆ ಐಎಸ್‌ಪಿಯ ರೂಟ್ ಎಲ್ಲಾ ಒಂದೇ ರಾತ್ರಿ ಸೇರ್ಕೊಂಡಿರತ್ತೆ. ಇವೆರಡೂ ನ್ಯಾಯವಾದ ಜಿಗಿತ, ಲಾಗ್ ನೋಡಿದ್ರೆ ಲೀಕ್ ಥರಾನೇ ಕಾಣತ್ತೆ. ಆಗ ಮಾತ್ರ ಲಿಮಿಟ್ ಏರಿಸ್ಬೇಕು, ಅದೂ ಅವರನ್ನ ಕೇಳಿದ ಮೇಲೆ.

ಕೇಳೋದು ಹೇಗೆ ಅಂದ್ರೆ, "ನಿಮ್ಮ ಸೆಷನ್ ಡೌನ್ ಆಗಿದೆ, ಚೆಕ್ ಮಾಡಿ" ಅಂತ ಬರೆದ್ರೆ ಅವರ ಎನ್‌ಓಸಿಯಲ್ಲಿ (ನೆಟ್‌ವರ್ಕ್ ನೋಡ್ಕೊಳ್ಳೋ ಕೇಂದ್ರ) ಇರೋ ಹುಡುಗರು "ನಮ್ಮ ಕಡೆಯಿಂದ ಲಿಂಕ್ ಅಪ್ ಇದೆ" ಅಂತ ಬರೆದು ಟಿಕೆಟ್ ಮುಚ್ಚಿಬಿಡ್ತಾರೆ. ಹೀಗೆ ಬರೀರಿ: ನಿಮ್ಮಿಂದ ನಮಗೆ ಇಷ್ಟು ದಿನ 340 ಪ್ರಿಫಿಕ್ಸ್ ಬರ್ತಿತ್ತು, ಇಂಥ ತಾರೀಖು ರಾತ್ರಿ 11:42ಕ್ಕೆ 500 ದಾಟಿ ಸೀಸ್ 6/1 ಹೋಗಿದೆ, ನಮ್ಮ ನೇಬರ್ ಅಡ್ರೆಸ್‌ಗೆ ನಿಮ್ಮ ರೂಟರ್‌ನಲ್ಲಿ ಅಡ್ವರ್ಟೈಸ್ಡ್-ರೂಟ್ಸ್ ಎಷ್ಟಿದೆ ಅಂತ ಒಂದು ನಂಬರ್ ಹೇಳಿ, ಆ ಹೊತ್ತಲ್ಲಿ ಔಟ್‌ಬೌಂಡ್ ಪಾಲಿಸಿ ಏನಾದ್ರೂ ಬದಲಾಯ್ತಾ ನೋಡಿ. ಸೆಷನ್ ಎದ್ದಿರೋವಾಗ್ಲೇ ಕೇಳಿ, ಬಿದ್ದಿದ್ರೆ ಅವರ ಕಡೆ ಆ ನಂಬರ್ ಸೊನ್ನೆ ತೋರಿಸತ್ತೆ. ಆ ಒಂದು ನಂಬರ್ ನಿಮ್ಮ ಕಡೆ ಎಲ್ಲೂ ಸಿಗಲ್ಲ, ಅವರ ರೂಟರ್‌ಗೆ ಮಾತ್ರ ಗೊತ್ತು. 340 ಅಂದ್ರೆ ಸರಿ ಹೋಗಿದೆ, 420 ಅಂದ್ರೆ ಬೆಳವಣಿಗೆ, ಒಂಬತ್ತು ಲಕ್ಷ ಅಂದ್ರೆ ಫೋನ್ ಎತ್ಕೊಂಡು ಅವರ ಸೀನಿಯರ್‌ನ ಎಬ್ಬಿಸಿ, ಯಾಕಂದ್ರೆ ನಿಮಗೆ ಲೀಕ್ ಆಗ್ತಿರೋದು ಲಿಮಿಟ್ ಇಡದ ಇನ್ನೊಬ್ಬ ಪೀರ್‌ಗೂ ಆಗ್ತಿರತ್ತೆ.

ಮುಂದಕ್ಕೆ ಲಿಮಿಟ್ ಎಷ್ಟಿಡ್ಬೇಕು ಅನ್ನೋದಕ್ಕೆ ಪೀರಿಂಗ್‌ಡಿಬಿ ಅನ್ನೋ ಆನ್‌ಲೈನ್ ನೆಟ್‌ವರ್ಕ್ ಪಟ್ಟಿಯಲ್ಲಿ ಆ ನೆಟ್‌ವರ್ಕ್‌ನ ಪುಟ ತೆಗೆದ್ರೆ ಐಪಿವಿ4 ಪ್ರಿಫಿಕ್ಸ್, ಐಪಿವಿ6 ಪ್ರಿಫಿಕ್ಸ್ ಅಂತ ಎರಡು ನಂಬರ್ ಇರತ್ತೆ, ನಮಗೆ ಇಷ್ಟು ಲಿಮಿಟ್ ಇಡಿ ಅಂತ ಅವರೇ ಹೇಳಿರೋದು. ಎಷ್ಟೋ ಜನ ಅದನ್ನ ವರ್ಷಗಟ್ಟಲೆ ತಿದ್ದಿರಲ್ಲ, ಹಾಗಾಗಿ ನಿಮ್ಮ ಕಣ್ಣೆದುರಿನ ಸಂಖ್ಯೆ ಜೊತೆ ತಾಳೆ ನೋಡಿ. ನನ್ನ ಅಭ್ಯಾಸ ಅಂದ್ರೆ 340 ಬರೋ ಕಡೆ 500 ಸರಿ, 10 ಬರೋ ಕಡೆ 15 ಇಡಲ್ಲ, 50 ಇಡ್ತೀನಿ, ಸಣ್ಣ ನೆಟ್‌ವರ್ಕು ಒಂದು ಬ್ಲಾಕ್ ಒಡೆದ್ರೆ ಸಾಕು ಮೂರು ಪಟ್ಟಾಗತ್ತೆ. ಫುಲ್ ಟೇಬಲ್ ಕೊಡೋ ಅಪ್‌ಸ್ಟ್ರೀಮ್‌ಗೆ ಟೇಬಲ್‌ಗಿಂತ ಮೇಲೆ ಇರ್ಬೇಕು, ಆದ್ರೆ ನಿಮ್ಮ ಪೆಟ್ಟಿಗೆ ತಡ್ಕೊಳ್ಳೋದಕ್ಕಿಂತ ಕೆಳಗೆ. ಸಿಸ್ಕೋದ ಇನ್ನೊಂದು ಸಾಫ್ಟ್‌ವೇರ್ ಐಓಎಸ್ ಎಕ್ಸ್‌ಆರ್‌ನ ಹಳೇ ರಿಲೀಸ್ ಇಟ್ಕೊಂಡಿರೋರು ಒಂದು ವಿಷ್ಯ ಗಮನಿಸಿ, ನೀವು ಏನೂ ಬರೀದೇ ಇದ್ರೂ ಅದರಲ್ಲಿ ಐಪಿವಿ4ಗೆ 10,48,576 ಅಂತ ಲಿಮಿಟ್ ಒಳಗೇ ಕೂತಿರತ್ತೆ, ಟೇಬಲ್ ಈಗ ಅದರ ಹತ್ರಕ್ಕೇ ಬಂದಿರೋದ್ರಿಂದ ಅಪ್‌ಸ್ಟ್ರೀಮ್ ಸೆಷನ್‌ಗೆ ಕೈಯಾರೆ ದೊಡ್ಡ ನಂಬರ್ ಬರೆದಿಡಿ.

ಬೇರೆ ಕಂಪನಿ ರೂಟರ್ ಇರೋರು ಇದನ್ನ ಹಾಗೇ ನಕಲು ಮಾಡ್ಬೇಡಿ. ಜುನಿಪರ್‌ನಲ್ಲಿ ಪ್ರಿಫಿಕ್ಸ್-ಲಿಮಿಟ್ ಅನ್ನೋದು ಫಿಲ್ಟರ್‌ಗೆ ಮುಂಚೆ ಬಂದಿದ್ದೆಲ್ಲಾ ಎಣಿಸತ್ತೆ, ಫಿಲ್ಟರ್ ಆದ್ಮೇಲಿಂದು ಬೇಕಂದ್ರೆ ಆಕ್ಸೆಪ್ಟೆಡ್-ಪ್ರಿಫಿಕ್ಸ್-ಲಿಮಿಟ್. ಮೇಲೆ ಹೇಳಿದ ಫಿಲ್ಟರ್ ಪರೀಕ್ಷೆ ಮೊದಲನೆಯದರ ಮೇಲೆ ಮಾಡಿದ್ರೆ ಸೆಷನ್ ಬೀಳ್ತಾನೇ ಇರತ್ತೆ. ಅಲ್ಲಿ ಟೇರ್‌ಡೌನ್ ಅಂತ ಸೇರಿಸದೇ ಇದ್ರೆ ಬರೀ ಲಾಗ್ ಬರೆದು ಸುಮ್ಮನಾಗತ್ತೆ, ಲಿಮಿಟ್ ಇದೆ ಅನ್ಕೊಂಡು ನೆಮ್ಮದಿಯಾಗಿರೋರು ಇದನ್ನ ಇವತ್ತೇ ತೆಗೆದು ನೋಡಿ. ಮೈಕ್ರೋಟಿಕ್ ವರ್ಷನ್ 7ರಲ್ಲಿ ಇನ್‌ಪುಟ್ ಕೆಳಗೆ ಲಿಮಿಟ್-ಪ್ರಾಸೆಸ್-ರೂಟ್ಸ್ ಅಂತ ಇದೆ, ಅದು ಕರಾರುವಾಕ್ಕಾದ ಲೆಕ್ಕ ಅಲ್ಲ, ಸ್ವಲ್ಪ ಆಚೀಚೆ ಆಗತ್ತೆ.

ರೀಸ್ಟಾರ್ಟ್ ಬೇಕೇ ಬೇಕು ಅಂದ್ರೆ 60 ನಿಮಿಷಕ್ಕಿಂತ ಕಮ್ಮಿ ಇಡ್ಬೇಡಿ. ಮತ್ತೆ ಪ್ರತಿ ಪೀರ್‌ನಿಂದ ಬರೋ ರೂಟ್ ಸಂಖ್ಯೆಗೆ ಒಂದು ಗ್ರಾಫ್ ಹಾಕ್ಕೊಳ್ಳಿ, ನೀವು ಟ್ರಾಫಿಕ್‌ಗೆ ಹಾಕಿರ್ತೀರಲ್ಲ, ಅದರ ಪಕ್ಕದಲ್ಲೇ ಇರ್ಲಿ. ಇವತ್ತು ರಾತ್ರಿ ಟ್ರಾಫಿಕ್ ಇಳಿದ ಮೇಲೆ ಫಿಲ್ಟರ್ ಹಾಕಿ ಸೆಷನ್ ಎಬ್ಬಿಸಿ ನೋಡಿ, ಸಂಖ್ಯೆ ಎಲ್ಲಿ ನಿಲ್ತು ಅಂತ, ಜೊತೆಗೆ 11:42ರ ಆ ಮೂರು ಲಾಗ್ ಲೈನು, ಇಷ್ಟು ಕಳಿಸಿ. 340ರಲ್ಲಿ ನಿಲ್ಲದೇ ಇದ್ರೆ ಮುಂದೆ ಏನು ಮಾಡೋದು ಅಂತ ಅದನ್ನ ನೋಡ್ಕೊಂಡು ಹೇಳ್ತೀನಿ.